ಸೂಪಾ ಅಣೆಕಟ್ಟು, ಹ್ಯಾಮರ್ ಥ್ರೋ ಮತ್ತು 0.038 ಸೆಕೆಂಡ್

ಗಣೇಶಗುಡಿಗೆ ಹೋದವರೆಲ್ಲ ಸೂಪಾ ಅಣೆಕಟ್ಟನ್ನು ಕತ್ತೆತ್ತಿ ನೋಡಿರುತ್ತೀರಿ. ಅದರ ಎತ್ತರ 101 ಮೀಟರ್. ಅದರಲ್ಲಿ ಅರ್ಧಕ್ಕಿಂತ ಕಡಿಮೆ, ಅಂದರೆ 43 ಮೀಟರ್ ಎತ್ತರದಿಂದ ಒಂದು ಕಬ್ಬಿಣದ ಗುಂಡನ್ನು ಕೈಬಿಟ್ಟರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 29 ಮೀಟರ್. ಇದೇ ವೇಗವನ್ನು ಒಬ್ಬ ಮನುಷ್ಯ 2.135 ಮೀಟರ್ ವ್ಯಾಸದ ವೃತ್ತದೊಳಗೆ ನಿಂತು, ಬರೀ ತಿರುಗಿ ತಿರುಗಿ ಕೊಡ್ತಾನೆ. ಅದೇ ಹ್ಯಾಮರ್ ಥ್ರೋ.

1986ರ ಆಗಸ್ಟ್ 30ರಂದು ಸ್ಟುಟ್‌ಗಾರ್ಟ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ಒಕ್ಕೂಟದ ಯೂರಿ ಸೆಡಿಖ್ 86.74 ಮೀಟರ್ ಎಸೆದ. ಎರಡನೆಯವನಾದ ಸೆರ್ಗೆಯ್ ಲಿತ್ವಿನೋವ್ ಸರಿಯಾಗಿ ಒಂದು ಮೀಟರ್ ಹಿಂದೆ. ಆ ದಾಖಲೆ ಇನ್ನೂ ಮುರಿದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಈಥನ್ ಕಾಟ್ಜ್‌ಬರ್ಗ್ ಚಿನ್ನ ಗೆದ್ದಿದ್ದು 84.12 ಮೀಟರಿಗೆ. ನಮ್ಮವರಲ್ಲಿ, ಟಿವಿ ಮಹಾಭಾರತದ ಭೀಮ ಪ್ರವೀಣ್ ಕುಮಾರ್ ಸೋಬ್ತಿ 1966ರ ಕಿಂಗ್‌ಸ್ಟನ್ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದವರು.

ಅದೇ ತೂಕ, ಇಷ್ಟು ದೂರ ಹೇಗೆ?

ಪುರುಷರ ಶಾಟ್‌ಪುಟ್ ಗುಂಡೂ 7.26 ಕೆಜಿ, ಹ್ಯಾಮರ್ ಕೂಡ 7.26 ಕೆಜಿ. ಆದರೆ ಶಾಟ್‌ಪುಟ್ ವಿಶ್ವದಾಖಲೆ 23.56 ಮೀಟರ್ ಮಾತ್ರ. ಉತ್ತರ ನಮ್ಮ ಮೊದಲ ಸೆಮಿಸ್ಟರಿನ ಪಾಠದಲ್ಲೇ ಇದೆ: ಕೆಲಸ ಅಂದರೆ ಬಲ ಗುಣಿಸು ದೂರ. ಗುಂಡನ್ನು ಕೈ ಕೊನೆಯಲ್ಲಿ ತಳ್ಳೋದು ಎರಡು ಮೀಟರಿನ ಆಸುಪಾಸು. ಹ್ಯಾಮರ್ ತಿರುಗುವ ತ್ರಿಜ್ಯ ಸುಮಾರು 1.8 ಮೀಟರ್. ಹಾಗಾಗಿ ಮೂರೇ ಸುತ್ತಿಗೆ 34 ಮೀಟರ್ ದಾರಿ ಆಯ್ತು. ಅಷ್ಟೂ ದಾರಿಯಲ್ಲಿ ವೇಗ ಕೂಡಿಸುತ್ತಾ ಹೋಗಬಹುದು. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ 2014ರಲ್ಲಿ ಗ್ಲಾಸ್ಗೋದಲ್ಲಿ ಡಿಸ್ಕಸ್ ಚಿನ್ನ ಗೆದ್ದಾಗ ತಿರುಗಿದ್ದೂ ಇದಕ್ಕೇ.

ತಂತಿಯ ಮೇಲೆ ಎಷ್ಟು ಭಾರ?

ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ, ತ್ರಿಜ್ಯದಿಂದ ಭಾಗಿಸಿ. ಸುಮಾರು 3,400 ನ್ಯೂಟನ್ ಬರುತ್ತೆ. ಮೂರು ಸ್ಕೂಟರ್ ತೂಗುಹಾಕಿದಷ್ಟು! ಎಸೆಯುವವನು ಮೈ ಹಿಂದಕ್ಕೆ ವಾಲಿಸಿ ಕೂತಂತೆ ನಿಲ್ಲೋದು ಇದನ್ನು ತಡೆಯೋಕೆ. ತಂತಿಯ ವ್ಯಾಸ ಕನಿಷ್ಠ 3 ಮಿಲಿಮೀಟರ್ ಇರಬೇಕು ಅಂತ ನಿಯಮ. 3 ಮಿಲಿಮೀಟರಿಗೆ ಲೆಕ್ಕ ಹಾಕಿದರೆ ಒತ್ತಡ ಸುಮಾರು 480 ಮೆಗಾಪಾಸ್ಕಲ್. ಸುಮಾರು 250 ಮೆಗಾಪಾಸ್ಕಲ್‌ಗೇ ಸೋಲುವ ಮೈಲ್ಡ್ ಸ್ಟೀಲ್ ಇಲ್ಲಿ ನಡೆಯಲ್ಲ, ಸ್ಪ್ರಿಂಗ್ ಸ್ಟೀಲೇ ಬೇಕು.

ಕೈಬಿಡುವ ಕ್ಷಣ

ಕೈಬಿಟ್ಟ ಮೇಲೆ ಗುಂಡು ಕೇಂದ್ರದಿಂದ ನೇರ ಹೊರಕ್ಕೆ ಹಾರುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ, ಅದು ಸ್ಪರ್ಶರೇಖೆಯ ದಿಕ್ಕಿನಲ್ಲಿ ಹೋಗುತ್ತೆ. ಆ ದಿಕ್ಕು ಸೆಕೆಂಡಿಗೆ ಸುಮಾರು 920 ಡಿಗ್ರಿ ತಿರುಗುತ್ತಿರುತ್ತೆ. ಗುಂಡು ಬೀಳಬೇಕಾದ ವಲಯ 34.92 ಡಿಗ್ರಿ. ಭಾಗಿಸಿ ನೋಡಿ: 0.038 ಸೆಕೆಂಡ್. ಕಣ್ಣು ಮಿಟುಕಿಸುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು.

ಈ ಅಂಕಿ ಬರೀ ಪರೀಕ್ಷೆಗಲ್ಲ. 2019ರ ಅಕ್ಟೋಬರ್‌ನಲ್ಲಿ ಕೇರಳದ ಪಾಲಾದಲ್ಲಿ ರಾಜ್ಯ ಜೂನಿಯರ್ ಕೂಟ ನಡೆಯುತ್ತಿತ್ತು. ಹ್ಯಾಮರ್ ಮತ್ತು ಜಾವೆಲಿನ್ ಒಂದೇ ಹೊತ್ತಿಗೆ ನಡೆದವು. ಸ್ವಯಂಸೇವಕನಾಗಿದ್ದ ಶಾಲಾ ಹುಡುಗನೊಬ್ಬನ ತಲೆಗೆ ಹ್ಯಾಮರ್ ಬಡಿದು, ಕೆಲ ದಿನಗಳ ನಂತರ ಆತ ತೀರಿಕೊಂಡ.

ನಮ್ಮ ವಾರ್ಷಿಕ ಕ್ರೀಡಾಕೂಟದಲ್ಲಿ ನೀವೂ ಟೇಪ್ ಹಿಡಿದು ಮೈದಾನದಲ್ಲಿ ನಿಲ್ಲಬಹುದು. ಸುತ್ತಲೂ ಬಲೆ ಇಲ್ಲದೆ ಹ್ಯಾಮರ್ ಶುರು ಮಾಡಬೇಡಿ, ಪಕ್ಕದಲ್ಲಿ ಇನ್ನೊಂದು ಎಸೆತ ಇಟ್ಟುಕೊಳ್ಳಬೇಡಿ. ಗುಂಡು ನೆಲಕ್ಕೆ ಬೀಳುವವರೆಗೆ ಅದರಿಂದ ಕಣ್ಣು ತೆಗೀಬೇಡಿ.