ಡ್ರಾಯರ್ ಎಳೆದರೆ ಗೋಟಿಗಳೆಲ್ಲ ಗಡಗಡ

ಪ್ರಶ್ನೆ: ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ಬೈಕು, ಪವರ್ ಟಿಲ್ಲರ್, ಕರೆದರೆ ಮಗ್ಗದ ಕೆಲಸವನ್ನೂ ಮಾಡುತ್ತೇನೆ. ಈಚೆಗೆ ಐದು ಡ್ರಾಯರಿನ ಟೂಲ್ ಟ್ರಾಲಿ ಕೊಂಡೆ. ಸಾಕೆಟ್‌ಗಳನ್ನೆಲ್ಲ ಅದರಲ್ಲಿ ಸುರಿದಿಟ್ಟಿದ್ದೇನೆ. ಡ್ರಾಯರ್ ಎಳೆದಾಗಲೆಲ್ಲ ಎಲ್ಲವೂ ಉರುಳಿ ಒಂದು ಮೂಲೆ ಸೇರುತ್ತವೆ. ರೈಲು, ಗೂಟದ ಟ್ರೇ, ಮ್ಯಾಗ್ನೆಟ್, ಫೋಮ್ ಎಂದು ಅಂಗಡಿಯವರು ನಾಲ್ಕು ಬಗೆ ತೋರಿಸುತ್ತಾರೆ. ಯಾವುದನ್ನು ಕೊಳ್ಳಲಿ?

ಉತ್ತರ: ಬೇಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮ್ಯಾಗ್ನೆಟ್ ಬೇಡ. ಫೋಮ್ ಈಗಲೇ ಬೇಡ. ಉಳಿದೆರಡರಲ್ಲಿ ಗೂಟದ ಟ್ರೇ ನಿಮಗೆ ಸರಿ, ಆದರೆ ಅದನ್ನು ಕೊಳ್ಳಬೇಕಾಗಿಲ್ಲ. ನಿಮ್ಮೂರಿನ ಯಾವುದೇ ಗ್ರಿಲ್ ಅಂಗಡಿಯಲ್ಲಿ ಮಾಡಿಸಬಹುದು. ಯಾಕೆ, ಹೇಗೆ ಎನ್ನುವುದಕ್ಕೆ ಸ್ವಲ್ಪ ಸುತ್ತು ಹಾಕಿ ಬರೋಣ.

ನಮ್ಮ ಗ್ಯಾರೇಜುಗಳಲ್ಲಿ ಸಾಕೆಟ್ಟಿಗೆ ಗೋಟಿ ಎನ್ನುತ್ತಾರೆ. ಹಿಂದಿಯಲ್ಲಿ ಆಟದ ಕಾಯಿಗೂ ಅದೇ ಹೆಸರು. ಉರುಳುವ ಗುಣ ಹೆಸರಿನಲ್ಲೇ ಬಂದಂತಿದೆ. ರಿಂಗ್ ಸ್ಪ್ಯಾನರಿಗೆ ಈ ಕಾಟವಿಲ್ಲ. 12–13 ಎಂದರೆ ಎರಡಳತೆಯೂ ಒಂದೇ ಕಬ್ಬಿಣದಲ್ಲಿ, ಹಿಡಿಯೂ ಅದೇ. ಗೋಡೆಯ ಮೊಳೆಗೆ ತಗುಲಿಹಾಕಿದರೆ ಮುಗಿಯಿತು. 1920ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಜೋಸೆಫ್ ಜಾನ್ಸನ್ ಮತ್ತು ಅವನ ಜೊತೆಗಾರ ಸ್ನ್ಯಾಪ್-ಆನ್ ಕಂಪನಿ ಶುರುಮಾಡಿದಾಗ, ಐದು ಹಿಡಿ ಮತ್ತು ಹತ್ತು ಗೋಟಿ ಇದ್ದರೆ ಐವತ್ತು ಸ್ಪ್ಯಾನರಿನ ಕೆಲಸವಾಗುತ್ತದೆ ಎಂದು ಹೇಳಿ ಮಾರಿದರು. ಗುಣಾಕಾರ ಸರಿಯೇ. ಆದರೆ ತಲೆ ಬೇರೆ, ಹಿಡಿ ಬೇರೆ ಆದ ದಿನವೇ ತಲೆ ಕಳೆದುಹೋಗುವುದಕ್ಕೂ ದಾರಿಯಾಯಿತು.

ನಿಮ್ಮ ಅಂಗಡಿಯಲ್ಲಿ ಗೋಟಿಗಳೆಲ್ಲ ಸಾಲಾಗಿ ನಿಲ್ಲುವ ದಿನ ವರ್ಷಕ್ಕೆ ಒಂದಾದರೂ ಇರುತ್ತದೆ: ಆಯುಧಪೂಜೆ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಒರೆಸಿ, ಮಣೆಯ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ವಿಭೂತಿ ಎಳೆದು ಕುಂಕುಮ ಇಡುತ್ತೀರಿ. ಆ ಹೊತ್ತಿಗೆ ಗೊತ್ತಾಗುತ್ತದೆ, 14 ಇಲ್ಲ ಎಂದು. ಎಂದಿನಿಂದ ಇಲ್ಲ, ಯಾವ ಬೈಕಿನ ಚೇಸಿಸ್ ಸಂದಿಯಲ್ಲಿ ಕೂತು ಯಾವ ಊರಿಗೆ ಹೋಯಿತು ಎನ್ನುವುದು ಮಾತ್ರ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಆಗುವ ಈ ತನಿಖೆ ದಿನಾ ಸಂಜೆ, ಎಣಿಸದೆಯೇ ಆಗಬೇಕು. ನಾನು ಆರ್ಗನೈಸರ್‌ನಿಂದ ಬಯಸುವುದು ಇಷ್ಟನ್ನೇ. ಗೋಟಿ ಅಂದವಾಗಿ ಕೂರುವುದು ಆಮೇಲಿನ ಮಾತು. ಯಾವುದು ಕೂತಿಲ್ಲವೋ ಅದರ ಖಾಲಿ ಗೂಡು ಕಣ್ಣಿಗೆ ಹೊಡೆಯಬೇಕು.

ನಿಮ್ಮ ನೆರೆಯ ದೇವನಹಳ್ಳಿಯಲ್ಲಿ 2008ರಿಂದ ವಿಮಾನಗಳು ಇಳಿಯುತ್ತಿವೆ. ವಿಮಾನದ ರಿಪೇರಿ ಮಾಡುವವರ ಲೋಕದಲ್ಲಿ ಈ ಖಾಲಿ ಗೂಡು ನಿಯಮವೇ ಆಗಿದೆ. ಅವರ ಡ್ರಾಯರಿನ ಫೋಮಿಗೆ ಎರಡು ಬಣ್ಣ: ಮೇಲೆ ಕಪ್ಪು, ಕೆಳಗೆ ಹಳದಿಯೋ ಕೆಂಪೋ. ಸಲಕರಣೆ ಎತ್ತಿದರೆ ಅದರದೇ ಆಕಾರದಲ್ಲಿ ಕೆಳಗಿನ ಬಣ್ಣ ಬೆಳಗುತ್ತದೆ. ಪಾಳಿ ಮುಗಿಯುವಾಗ ಬಣ್ಣ ಕಂಡರೆ ಏನೋ ಹೊರಗಿದೆ ಎಂದರ್ಥ, ಅದು ಸಿಗುವ ತನಕ ವಿಮಾನ ಹೊರಡುವಂತಿಲ್ಲ. ಇಷ್ಟಾದರೂ ತಪ್ಪುತ್ತದೆ. 2023ರ ಡಿಸೆಂಬರಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ ಕ್ವಾಂಟಾಸ್ ಸಂಸ್ಥೆಯ ಎ380 ವಿಮಾನದ ಎಂಜಿನ್ ತಪಾಸಣೆ ಮಾಡಿದವರು ಒಂದೂಕಾಲು ಮೀಟರ್ ಉದ್ದದ ನೈಲಾನ್ ಸಲಕರಣೆಯೊಂದನ್ನು ಎಂಜಿನ್ನಿನೊಳಗೇ ಬಿಟ್ಟರು. ವಿಮಾನ 34 ಸಲ ಹಾರಿತು, ಒಟ್ಟು 294 ಗಂಟೆ. 2024ರ ಜನವರಿ 1ರಂದು ಮುಂದಿನ ತಪಾಸಣೆಯಲ್ಲಿ ಅದು ಸಿಕ್ಕಿತು. ಒಂದೂಕಾಲು ಮೀಟರಿನದ್ದನ್ನೇ ಮರೆಯಬಹುದಾದರೆ, ಕಿರುಬೆರಳಿನ ಗೆಣ್ಣಿನಷ್ಟಿರುವ ಗೋಟಿಯ ಪಾಡೇನು!

ಹಾಗಿದ್ದರೆ ಫೋಮನ್ನೇ ಕೊಳ್ಳಬಹುದಲ್ಲ ಎನ್ನುತ್ತೀರಿ. ವಿಮಾನದವರ ಸೆಟ್ ಬದಲಾಗುವುದಿಲ್ಲ, ನಿಮ್ಮದು ಬದಲಾಗುತ್ತದೆ. ಇವತ್ತು ಇಪ್ಪತ್ತು ಗೋಟಿ, ದೀಪಾವಳಿ ಹೊತ್ತಿಗೆ ಇಪ್ಪತ್ತಾರು. ಒಮ್ಮೆ ಕೊರೆದ ಫೋಮಿನಲ್ಲಿ 15ಕ್ಕೂ 16ಕ್ಕೂ ನಡುವೆ ಹೊಸ ಗೂಡು ತೆಗೆಯಲು ಜಾಗವಿರುವುದಿಲ್ಲ. ಅಗ್ಗದ ಫೋಮು ಡೀಸೆಲ್ಲು, ಗ್ರೀಸು ಕುಡಿದು ಉಬ್ಬುತ್ತದೆ, ಅಂಚು ಕಿತ್ತುಬರುತ್ತದೆ. ಅದರ ಮೇಲೆ ನೀವು ಮಗ್ಗದ ಶೆಡ್ಡಿಗೂ ಹೋಗುವವರು. ಅಲ್ಲಿನ ಗಾಳಿಯಲ್ಲಿ ಹಾರುವ ನೂಲಿನ ಜುಂಗು ಎಣ್ಣೆ ಹಿಡಿದ ಫೋಮಿನಲ್ಲಿ ಕೂತರೆ ಎರಡು ತಿಂಗಳಲ್ಲಿ ಗೂಡುಗಳಲ್ಲಿ ಕಂಬಳಿ ಬೆಳೆದಿರುತ್ತದೆ.

ಮ್ಯಾಗ್ನೆಟ್ ಬೇಡ ಎನ್ನುವುದಕ್ಕೆ ನನ್ನ ಸ್ವಂತ ದಡ್ಡತನವೇ ಸಾಕ್ಷಿ. ಒಂದು ಕಾಲದಲ್ಲಿ ನನ್ನ ಬಳಿಯೂ ಕೆಂಪು ಬಣ್ಣದ ಮ್ಯಾಗ್ನೆಟ್ ಟ್ರೇ ಇತ್ತು. ತಲೆಕೆಳಗು ಮಾಡಿದರೂ ಗೋಟಿ ಬೀಳದು, ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದೆ. ಒಂದು ದಿನ ಅದರ ಪಕ್ಕದಲ್ಲೇ ಗೇಟಿನ ಕೀಲನ್ನು ಗ್ರೈಂಡ್ ಮಾಡಿದೆ. ಮರುದಿನ ನೋಡಿದರೆ ಗೋಟಿಗಳಿಗೆಲ್ಲ ಕಪ್ಪು ಗಡ್ಡ ಬಂದಿತ್ತು, ಕಬ್ಬಿಣದ ಪುಡಿ. ಹೊರಗಿನದನ್ನು ಒರೆಸಿದೆ, ಒಳಗಿನದನ್ನು ನೋಡಲಿಲ್ಲ. ಅದೇ ಗೋಟಿಯಲ್ಲಿ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಪ್ಲಗ್ಗಿನ ತೂತಿನಿಂದ ಸಿಲಿಂಡರಿನೊಳಗೆ ಎಷ್ಟು ಪುಡಿ ಇಳಿಯಿತೋ, ಹೆಡ್ ಬಿಚ್ಚಿ ಒರೆಸುವಷ್ಟರಲ್ಲಿ ಭಾನುವಾರ ಮುಗಿದಿತ್ತು. ಟ್ರೇಯಲ್ಲಿ ತಿಂಗಳುಗಟ್ಟಲೆ ಕೂತ ಗೋಟಿ ತಾನೂ ಸ್ವಲ್ಪ ಅಯಸ್ಕಾಂತವಾಗುತ್ತದೆ, ಟ್ರೇ ಎಸೆದ ಮೇಲೂ ಪುಡಿ ಹಿಡಿಯುತ್ತಲೇ ಇರುತ್ತದೆ. ಗ್ರೈಂಡರು, ಲೇತು, ಡ್ರಿಲ್ಲು ಇರುವ ಸೂರಿನಡಿ ಮ್ಯಾಗ್ನೆಟ್ ಟ್ರೇ ಇಡಬಾರದು.

ರೈಲು ಎಂದರೆ ಉದ್ದನೆಯ ಪಟ್ಟಿ, ಅದರ ಮೇಲೆ ಜಾರುವ ಸ್ಪ್ರಿಂಗ್ ಕ್ಲಿಪ್ಪುಗಳು. ಗೋಟಿಯ ಚೌಕದ ತೂತಿಗೆ ಕ್ಲಿಪ್ ಸಿಕ್ಕಿಸಿ ಮಲಗಿಸುವುದು. ಒಂದು ದೊಡ್ಡ ಅನುಕೂಲವೆಂದರೆ ಪಟ್ಟಿಯನ್ನೇ ಎತ್ತಿಕೊಂಡು ಮಗ್ಗದ ಹತ್ತಿರಕ್ಕೋ ಹೊಲಕ್ಕೋ ಹೋಗಬಹುದು. ತೊಂದರೆಯೂ ಇದೆ. ಕ್ಲಿಪ್ ಹೊಸದಾಗಿದ್ದಾಗ ಗೋಟಿ ಕೀಳಲು ಎರಡು ಕೈ ಬೇಕು, ಹಳೆಯದಾದರೆ ತಾನೇ ಬೀಳುತ್ತದೆ. ಜೊತೆಗೆ ಕ್ಲಿಪ್ಪುಗಳು ಜಾರುವುದರಿಂದ ಒಂದು ಗೋಟಿ ತೆಗೆದರೆ ಉಳಿದವು ಒತ್ತರಿಸಿಕೊಂಡು ಬಂದು ಆ ಜಾಗ ಮುಚ್ಚಿಬಿಡುತ್ತವೆ, ಸಿಟಿ ಬಸ್ಸಿನ ಸೀಟಿನ ಹಾಗೆ. ಹೊರಗೆ ಒಯ್ಯುವ ಏಳೆಂಟು ಗೋಟಿಗೆ, ಮತ್ತು ಉದ್ದದ ಡೀಪ್ ಗೋಟಿಗಳಿಗೆ ಒಂದೊಂದು ರೈಲು ಇರಲಿ. ಅದಕ್ಕಿಂತ ಹೆಚ್ಚು ಬೇಡ.

ಈಗ ಗೂಟದ ಟ್ರೇಗೆ ಬರೋಣ. ಅಳಗುಳಿಮಣೆ ನೆನಪಿದೆಯಲ್ಲ, ಎರಡು ಸಾಲು, ಸಾಲಿಗೆ ಏಳು ಗುಳಿ, ಯಾವ ಗುಳಿ ಬರಿದಾಗಿದೆ ಎಂದು ಮಕ್ಕಳಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ. ಗೂಟದ ಟ್ರೇ ಅದರದೇ ತಿರುವುಮುರುವು: ಗುಳಿಯ ಜಾಗದಲ್ಲಿ ಗೂಟ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನವು ಕೆಟ್ಟವೇನಲ್ಲ. ಆದರೆ ಅವುಗಳ ಅಳತೆ ಬೇರೆ ಯಾವುದೋ ಸೆಟ್ಟಿಗೆ ಮಾಡಿದ್ದು. ನಿಮ್ಮಲ್ಲಿಲ್ಲದ ಅಳತೆಗೂ ಗೂಟವಿರುತ್ತದೆ, ನಿಮ್ಮಲ್ಲಿರುವ ಎರಡು ಗೋಟಿಗೆ ಜಾಗವೇ ಇರುವುದಿಲ್ಲ. ಇಲ್ಲದ ಗೋಟಿಯ ಗೂಟ ಸದಾ ಖಾಲಿ ನಿಂತಿದ್ದರೆ ಖಾಲಿ ಗೂಡಿಗೆ ಬೆಲೆಯೇ ಉಳಿಯುವುದಿಲ್ಲ.

ಆದ್ದರಿಂದ ಗ್ರಿಲ್ ಅಂಗಡಿ. ನಿಮ್ಮ ಗೋಟಿ ಸೆಟ್ ಬಹುಶಃ ಅರ್ಧ ಇಂಚಿನ ಡ್ರೈವಿನದು. ಅಂದರೆ ರ್‍ಯಾಚೆಟ್ ಕೂರುವ ಚೌಕದ ತೂತು 12.7 ಮಿ.ಮೀ. ಕಿಟಕಿಯ ಗ್ರಿಲ್ಲಿಗೆ ಹಾಕುವ 12 ಮಿ.ಮೀ. ಚೌಕ ಸಲಾಕೆ ಅದರೊಳಗೆ ಹೇಳಿ ಮಾಡಿಸಿದಂತೆ ಇಳಿಯುತ್ತದೆ. ಮುಕ್ಕಾಲು ಮಿಲಿಮೀಟರಿನಷ್ಟು ಸಡಿಲ ಉಳಿಯುತ್ತದೆ, ತೆಗೆಯಲು ಹಾಕಲು ಅಷ್ಟು ಬೇಕು. ಕಾಲಿಂಚಿನ ಡ್ರೈವಿನ ಚಿಕ್ಕ ಗೋಟಿಗಳ ತೂತು 6.35 ಮಿ.ಮೀ., ಅದಕ್ಕೆ 6 ಮಿ.ಮೀ. ಕಂಬಿ ಸಾಕು. 3/8 ಡ್ರೈವ್ ಇದ್ದರೆ ಅದರದು 9.5, ಅದಕ್ಕೆ 8ರ ಸಲಾಕೆ. ಸಲಾಕೆಯನ್ನು 20 ಮಿ.ಮೀ. ತುಂಡುಗಳಾಗಿ ಕತ್ತರಿಸಿ, 3 ಮಿ.ಮೀ. ತಗಡಿನ ಮೇಲೆ ಸಾಲಾಗಿ ನಿಲ್ಲಿಸಿ ಬೆಸುಗೆ ಹಾಕಿಸಿ. ಬೆಸುಗೆ ಗೂಟದ ಬುಡದಲ್ಲಿ ಗಂಟು ಕಟ್ಟಿದರೆ ಗೋಟಿ ಪೂರಾ ಕೂರದೆ ವಾಲುತ್ತದೆ. ತಗಡಿಗೆ ತೂತು ಕೊರೆದು ಗೂಟವನ್ನು ತೂರಿಸಿ ಅಡಿಯಿಂದ ಬೆಸೆಯಲು ಹೇಳಿ. ಕತ್ತರಿಸಿದ ಅಂಚುಗಳಿಗೆ ಅರ ಹಾಕಿಸಿ. ಮತ್ತೆ, ಎಲ್ಲ ತುಂಡು ಕತ್ತರಿಸುವ ಮೊದಲು ನಿಮ್ಮ ಗೋಟಿಗಳಲ್ಲಿ ಅತಿ ಬಿಗಿಯಾದದ್ದನ್ನು ಒಯ್ದು ಸಲಾಕೆಗೆ ಹಾಕಿ ನೋಡಿ. ಸಲಾಕೆಯ ಅಳತೆ ಲಾಟಿನಿಂದ ಲಾಟಿಗೆ ಕೊಂಚ ಆಚೀಚೆಯಾಗುತ್ತದೆ. ಗೂಟಕ್ಕೆ ಪೇಂಟ್ ಬಳಿಯಬೇಡಿ, ತಗಡಿಗೆ ಮಾತ್ರ ಬಳಿಯಿರಿ. ಅದೂ ಹಳದಿ, ಖಾಲಿ ಜಾಗ ಕೂಗಿ ಹೇಳುವಂಥದ್ದು.

ಗೂಟದಿಂದ ಗೂಟಕ್ಕೆ ಎಷ್ಟು ಅಂತರ? ಗೋಟಿಯ ಹೊರಮೈ ಅಳೆದು ಅದಕ್ಕೆ 10 ಮಿ.ಮೀ. ಸೇರಿಸಿ, ಎಣ್ಣೆಗೈಯ ಬೆರಳು ಸಂದಿಗೆ ಹೋಗಬೇಕಲ್ಲ. ಗೋಟಿಯ ಮೇಲೆ ಬರೆದ ಅಂಕಿ ನೋಡಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ. ಅರ್ಧ ಇಂಚಿನ ಡ್ರೈವಿನ 10 ನಂಬರ್ ಗೋಟಿಯ ಹೊರಮೈ ಹೆಚ್ಚು ಕಡಿಮೆ 22 ಮಿ.ಮೀ. ಇರುತ್ತದೆ, ಯಾಕೆಂದರೆ ಅದರ ಹಿಂಬದಿಯಲ್ಲಿ ಆ ಚೌಕ ಹಿಡಿಸಬೇಕು. ಡ್ರಾಯರಿನ ಒಳ ಎತ್ತರವನ್ನೂ ಅಳೆಯಿರಿ. ಸಾಮಾನ್ಯ ಗೋಟಿ ನಿಂತರೆ ನಾಲ್ಕು ಸೆಂ.ಮೀ. ಆಸುಪಾಸು, ಡೀಪ್ ಗೋಟಿ ಅದರ ಇಮ್ಮಡಿ. ಮೇಲಿನ ತೆಳು ಡ್ರಾಯರಿನಲ್ಲಿ ಡೀಪ್ ಗೋಟಿ ನಿಲ್ಲಿಸಿ ಮುಚ್ಚಿದಿರೋ, ಮತ್ತೆ ತೆರೆಯಲು ಟ್ರಾಲಿಯ ಹಿಂಬದಿಯ ತಗಡನ್ನೇ ಬಿಚ್ಚಬೇಕಾದೀತು.

ಹೀಗೆ ನಿಂತ ಗೋಟಿಯ ಬಾಯಿ ಮೇಲಿರುತ್ತದೆ, ಚೌಕದ ತೂತು ಕೆಳಗೆ. ಕೆಲವರಿಗೆ ಇದು ಒಗ್ಗುವುದಿಲ್ಲ. ಚೌಕ ಮೇಲಿದ್ದರೆ ರ್‍ಯಾಚೆಟ್ಟನ್ನು ನೇರ ಒತ್ತಿ ಗೋಟಿ ಎತ್ತಿಕೊಳ್ಳಬಹುದು ಎನ್ನುತ್ತಾರೆ. ಅವರ ಮಾತೂ ಸರಿಯೇ. ಹಾಗೆ ಬೇಕಿದ್ದರೆ ಎಲ್ಲಕ್ಕೂ 8 ಮಿ.ಮೀ. ಗುಂಡು ಕಂಬಿಯ ಗೂಟ ಹಾಕಿಸಿ, 10 ನಂಬರಿನಿಂದ ಮೇಲಿನವೆಲ್ಲ ಅದರ ಮೇಲೆ ಬೋರಲು ಕೂರುತ್ತವೆ. ದೊಡ್ಡವು ಅಲುಗಾಡುತ್ತವೆ, ಅಷ್ಟೆ. ನಿಮ್ಮ ಅಂಗಡಿಯ ನೆಲ ಸಮವಿಲ್ಲದಿದ್ದರೆ, ಟ್ರಾಲಿ ದಿನಾ ಹೊರಗೆ ಒಳಗೆ ಓಡಾಡುವುದಿದ್ದರೆ, ಚೌಕ ಗೂಟವೇ ಮೇಲು.

ಜೋಡಿಸುವ ಕ್ರಮದಲ್ಲಿ ಒಂದು ಜಗಳವಿದೆ. ಅಳತೆಯ ಕ್ರಮವೋ, ಬಳಕೆಯ ಕ್ರಮವೋ? ಹೋಂಡಾ, ಯಮಹಾದಂಥ ಜಪಾನೀ ಕುಲದ ಬೈಕಿಗೆ 8, 10, 12, 14, 17 ಬೇಕು. ಹಳೆಯ ಜರ್ಮನ್ ಕ್ರಮದಲ್ಲಿ ಕಟ್ಟಿದ ಯಂತ್ರಗಳಿಗೆ 10, 13, 17, 19. 15 ನಂಬರ್ ಗೋಟಿ ವರ್ಷಕ್ಕೆ ಎರಡು ಸಲ ಕೈಗೆ ಬಂದರೆ ಹೆಚ್ಚು. ಆದರೂ ನಾನು ಅಳತೆಯ ಕ್ರಮದ ಕಡೆಯವನು. ನೀವಿಲ್ಲದಾಗ ಹುಡುಗ ಟ್ರಾಲಿ ತೆರೆದರೂ 12ರ ಪಕ್ಕ 13 ಇರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿನಾ ಬೇಕಾದ ಆರೇಳರ ಗೂಟದ ಮುಂದೆ ತಗಡಿನ ಮೇಲೆ ಕೆಂಪು ಗೆರೆ ಎಳೆಯಿರಿ. ನಂಬರನ್ನು ಸ್ಟಿಕರಿನಲ್ಲಿ ಬರೆಯಬೇಡಿ, ಪಂಚ್ ಹೊಡೆಸಿ.

ಮಗ್ಗದ ಕೆಲಸಕ್ಕೆ ಹೋಗುವವರಾದ್ದರಿಂದ ಇಂಚಿನ ಗೋಟಿಗಳೂ ನಿಮ್ಮಲ್ಲಿರಬೇಕು. ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯಿದೆಯಾದದ್ದು 1956ರಲ್ಲಿ, ಆದರೆ ಹಳೆಯ ಮಗ್ಗಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ಇವುಗಳನ್ನು ದಯವಿಟ್ಟು ಮಿಲಿಮೀಟರಿನವುಗಳ ಜೊತೆ ಒಂದೇ ಡ್ರಾಯರಿನಲ್ಲಿ ಇಡಬೇಡಿ. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ., 19ರ ಜೊತೆ ಹೊಂದಿಕೊಂಡು ಹೋಗುತ್ತದೆ. ಆದರೆ ಅರ್ಧ ಇಂಚಿನ ನಟ್ಟು 12.7. ಅದಕ್ಕೆ 13ರ ಗೋಟಿ ಹಾಕಿ ಜೋರು ಮಾಡಿದರೆ ಆರು ಮೂಲೆಯೂ ಸವೆದು ನಟ್ಟು ಗುಂಡಗಾಗುತ್ತದೆ. ಇನ್ನು 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಗೊತ್ತುಮಾಡಿದ ಪದ್ಧತಿಯ ಸ್ಪ್ಯಾನರು, ಗೋಟಿಗಳದು ಬೇರೆಯೇ ಲೆಕ್ಕ. ಅವುಗಳ ಮೇಲೆ ಬರೆದಿರುವುದು ಬೋಲ್ಟಿನ ದಪ್ಪ, ನಟ್ಟಿನ ಅಗಲವಲ್ಲ. 3/8 ಎಂದು ಬರೆದ ವಿಟ್‌ವರ್ತ್ ಗೋಟಿಯ ಬಾಯಿ 18 ಮಿ.ಮೀ. ಅಗಲವಿರುತ್ತದೆ. ಅಂಕಿ ನೋಡಿ ಕ್ರಮದಲ್ಲಿ ಕೂರಿಸಲು ಹೋದರೆ ತಲೆ ಕೆಡುತ್ತದೆ. ಅವಕ್ಕೆ ಬೇರೆ ತಗಡು, ಬೇರೆ ಬಣ್ಣ, ಬೇರೆ ಡ್ರಾಯರು.

ಭಾರದವು ಕೆಳಗಿರಲಿ. ನೆಲಮಂಗಲದ ಹೆದ್ದಾರಿ ಬದಿಯ ಲಾರಿ ಗ್ಯಾರೇಜಿನವರ ಹಾಗೆ ಮುಕ್ಕಾಲು ಇಂಚಿನ ಡ್ರೈವಿನ ದೊಡ್ಡ ಗೋಟಿಗಳೂ ನಿಮ್ಮಲ್ಲಿದ್ದರೆ ಅವಕ್ಕೆ ಟ್ರೇ ಬೇಕಿಲ್ಲ, ತಳದ ಡ್ರಾಯರಿನಲ್ಲಿ ಹಳೆ ಟ್ಯೂಬಿನ ರಬ್ಬರು ಹಾಸಿ ಮಲಗಿಸಿ. ಭಾರ ತುಂಬಿದ ಎರಡು ಡ್ರಾಯರನ್ನು ಒಟ್ಟಿಗೆ ಎಳೆದರೆ ಟ್ರಾಲಿ ಮುಂದಕ್ಕೆ ಮುಗ್ಗರಿಸುತ್ತದೆ.

ಗ್ರಿಲ್ ಅಂಗಡಿಗೆ ಹೋಗುವ ಮೊದಲು ಒಂದು ತಿಂಗಳು ತಡೆಯಿರಿ. ಹಳೆಯ ರಟ್ಟಿನ ಮೇಲೆ ಗೋಟಿಗಳನ್ನು ನಿಲ್ಲಿಸಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಹಾಗೆಯೇ ಡ್ರಾಯರಿನಲ್ಲಿಟ್ಟು ಕೆಲಸ ಮಾಡಿ. ಉರುಳುತ್ತವೆ, ಬೈದುಕೊಳ್ಳುತ್ತೀರಿ, ಆದರೆ ಯಾವ ಸಾಲು ಎಲ್ಲಿರಬೇಕು ಎಂದು ಕೈಯೇ ಹೇಳುತ್ತದೆ. ಆ ರಟ್ಟನ್ನೇ ಗ್ರಿಲ್ಲಿನವರಿಗೆ ನಕ್ಷೆಯೆಂದು ಕೊಡಿ. 10 ನಂಬರಿಗೆ ಮಾತ್ರ ಅಕ್ಕಪಕ್ಕ ಎರಡು ಗೂಟ ಹಾಕಿಸಿ. ಬೈಕಿನ ಕವರಿನಿಂದ ಕಾರಿನ ಬ್ಯಾಟರಿ ಟರ್ಮಿನಲ್ಲಿನ ತನಕ ಎಲ್ಲಕ್ಕೂ ಬೇಕಾಗುವ ಗೋಟಿ ಅದು, ಮೊದಲು ಕಾಣೆಯಾಗುವುದೂ ಅದೇ.