ಎಂಬತ್ತು ದಾಟಿದವರ 500 ರೂಪಾಯಿ

ಚಕ್ರಬಡ್ಡಿ ಸೂತ್ರ ನಮಗೆಲ್ಲ ಹೈಸ್ಕೂಲಿನಿಂದಲೇ ಗೊತ್ತು. ದುಡ್ಡು ಹೇಗೆ ಬೆಳೆಯುತ್ತೆ ಅಂತ ನೋಡೋಕೆ ಅದನ್ನ ಬಳಸಿದ್ದೇವೆ. ಈ ಸಲ ದುಡ್ಡು ಹೇಗೆ ಕರಗುತ್ತೆ ಅಂತ ನೋಡೋಣ.

ಬಡ ಕುಟುಂಬದ ಹಿರಿಯರಿಗೆ ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿ ಶುರುವಾಗಿದ್ದು 1995ರಲ್ಲಿ, ತಿಂಗಳಿಗೆ 75 ರೂಪಾಯಿಯಿಂದ. 2006ರಲ್ಲಿ ಅದು 200 ಆಯ್ತು. 2011ರಲ್ಲಿ 80 ದಾಟಿದವರಿಗೆ ಮಾತ್ರ 500 ಮಾಡಿದರು. ಕೇಂದ್ರದ ಪಾಲು ಆಮೇಲೆ ಏರಿಲ್ಲ.

ಲೆಕ್ಕಕ್ಕೆ ಅಂತ, ಬೆಲೆಗಳು ವರ್ಷಕ್ಕೆ ಶೇ. 5ರಷ್ಟು ಏರುತ್ತವೆ ಅಂದುಕೊಳ್ಳೋಣ. 2011ರಿಂದ 2025ಕ್ಕೆ 14 ವರ್ಷ. 1.05ರ ಘಾತ 14 ಅಂದ್ರೆ ಸುಮಾರು 1.98. ಆಗ 500 ರೂಪಾಯಿಗೆ ಬರ್ತಿದ್ದ ಅಕ್ಕಿ, ಬೇಳೆ, ಮಾತ್ರೆಗೆ ಈಗ 990 ಬೇಕು. ಪಿಂಚಣಿ ಕಡಿತ ಮಾಡಿ ಅಂತ ಯಾರೂ ಆದೇಶ ಹೊರಡಿಸಲಿಲ್ಲ, ಆದ್ರೂ ಅರ್ಧ ಹೋಯ್ತು.

ಇದಕ್ಕೆ ಪರಿಹಾರ ಏನು ಅಂತ ಸರ್ಕಾರಕ್ಕೆ ಗೊತ್ತಿಲ್ಲ ಅಂತೇನಿಲ್ಲ. ಕೇಂದ್ರ ಸರ್ಕಾರದ ನಿವೃತ್ತ ನೌಕರರ ಪಿಂಚಣಿ ನೋಡಿ. ಅಲ್ಲಿ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಜನವರಿ ಮತ್ತು ಜುಲೈಯಿಂದ ತುಟ್ಟಿಭತ್ಯೆ ಪರಿಷ್ಕರಣೆ ಆಗುತ್ತೆ. ಜೊತೆಗೆ ವಯಸ್ಸು 80 ಆದಾಗ ಮೂಲ ಪಿಂಚಣಿಯ ಶೇ. 20 ಹೆಚ್ಚುವರಿ, 85ಕ್ಕೆ ಶೇ. 30, 90ಕ್ಕೆ ಶೇ. 40, 95ಕ್ಕೆ ಶೇ. 50, ನೂರಕ್ಕೆ ಪೂರ್ತಿ ಶೇ. 100! ವಯಸ್ಸಾದಷ್ಟೂ ಖರ್ಚು ಜಾಸ್ತಿ ಅನ್ನೋದನ್ನ ಇಲ್ಲಿ ಒಪ್ಪಿಕೊಂಡಿದ್ದಾರೆ. ಆದರೆ ಜೀವನವಿಡೀ ಕೂಲಿ ಮಾಡಿದ ಅಜ್ಜಿಗೆ ಈ ಸೂತ್ರ ಯಾಕಿಲ್ಲ? ನಮಗೆ ಇದು ಸರಿ ಅನ್ನಿಸ್ತಿಲ್ಲ.

ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ವಾಸಿ. 2021ರಲ್ಲಿ ಅದನ್ನ 1000ದಿಂದ 1200ಕ್ಕೆ ಏರಿಸಿದರು. ಆದ್ರೆ ಅದೂ ಘೋಷಣೆಯಿಂದ ಬಂದ ಏರಿಕೆ, ಸೂತ್ರದಿಂದ ಬಂದಿದ್ದಲ್ಲ. ಮುಂದಿನ ಘೋಷಣೆವರೆಗೆ ಕರಗೋದು ಕರಗ್ತಾನೇ ಇರುತ್ತೆ.

ಶ್ರೀಮಂತ ದೇಶದಲ್ಲೂ ಈ ತಮಾಷೆ ಇದೆ. ಬ್ರಿಟನ್‌ನಲ್ಲಿ ಸರ್ಕಾರಿ ಪಿಂಚಣಿ ಪಡೆಯುವವರಿಗೆ 80 ತುಂಬಿದಾಗ ವಾರಕ್ಕೆ 25 ಪೆನ್ಸ್ ಹೆಚ್ಚುವರಿ ಕೊಡೋ ಪದ್ಧತಿ 1971ರಲ್ಲಿ ಬಂತು. ಮೂಲ ಪಿಂಚಣಿ ವರ್ಷವರ್ಷ ಏರಿತು, ಆ 25 ಪೆನ್ಸ್ ಮಾತ್ರ ಹಾಗೇ ಉಳೀತು.

ದುಡಿಯೋ ವಯಸ್ಸಿನವರು ಬೆಲೆ ಏರಿದರೆ ಕೂಲಿ ಜಾಸ್ತಿ ಕೇಳಬಹುದು, ಇನ್ನೊಂದು ಕೆಲಸ ಹಿಡಿಯಬಹುದು. 82ರ ಅಜ್ಜ ಯಾರ ಹತ್ರ ಕೇಳ್ತಾರೆ? ಮೊತ್ತ ಎಷ್ಟು ಅನ್ನೋ ಚರ್ಚೆ ಆಗಲಿ, ಬೇಡ ಅನ್ನಲ್ಲ. ಆದ್ರೆ ಮೊದಲು ಅದನ್ನ ಬೆಲೆ ಸೂಚ್ಯಂಕಕ್ಕೆ ಕಟ್ಟಬೇಕು. ತುಟ್ಟಿಭತ್ಯೆಗೆ ಬಳಸೋ ಸೂಚ್ಯಂಕ ಹೇಗೂ ತಿಂಗಳು ತಿಂಗಳು ತಯಾರಾಗ್ತಾನೇ ಇದೆ.