ಹುಳು ಜ್ವರಕ್ಕೆ ಕೂತ ಹೊತ್ತು

ಮಗಾ, ಹೋದ ವಾರ ಉಯ್ಯಂಬಳ್ಳಿಗೆ ಬಂದಾಗ ನೀನೊಂದು ಮಾತು ಹೇಳಿದೆ. ಇಸಿಜಿ ಅಲೆಗಳನ್ನು ಕಂಪ್ಯೂಟರಿಗೆ ಕಲಿಸಿ, ಯಾರ ಗುಂಡಿಗೆ ಯಾವಾಗ ಹಾದಿ ತಪ್ಪೀತು ಅಂತ ಮೊದಲೇ ಹೇಳಿಸುತ್ತೀಯಂತೆ. ಇಸಿಜಿ ಪಟ್ಟಿ ತೆಗೆಯುವುದರಲ್ಲೇ ಕೂದಲು ಹಣ್ಣಾದವನು ನಾನು. ಆವತ್ತು ಸಂತೋಷಕ್ಕೆ ಮಾತೇ ಹೊರಡಲಿಲ್ಲ.

ಹಾದಿ ತಪ್ಪುವುದು ಹೇಗೆ ಅನ್ನುವುದಕ್ಕೆ ನಿಮ್ಮ ಮನೆಯ ರೇಷ್ಮೆ ಹುಳುವನ್ನೇ ತಗೋ. ಪೊರೆ ಬಿಡಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ತಲೆ ಎತ್ತಿ ಅಲ್ಲಾಡದೆ ಕೂತಾಗ ಸೊಪ್ಪು ಹಾಕಬಾರದು, ಕೆದಕಬಾರದು ಅಂತ ನಿಮ್ಮಜ್ಜಿ ಗದರುತ್ತಿದ್ದರಲ್ಲ, ಹೃದಯವೂ ಪ್ರತಿ ಬಡಿತದ ಕೊನೆಗೆ ಹಾಗೇ ಕೂರುತ್ತದೆ. ಪಟ್ಟಿಯ ಮೇಲೆ ಚೂಪು ಶಿಖರವಾದ ಮೇಲೆ ಒಂದು ಮೆತ್ತನೆ ಗುಡ್ಡ ಏಳುತ್ತದಲ್ಲ, ಆ ಟಿ ಅಲೆಯೇ ಅದರ ಜ್ವರದ ಹೊತ್ತು. ಕೆಲವು ಜೀವಕೋಶಗಳು ಮುಂದಿನ ಬಡಿತಕ್ಕೆ ಸಜ್ಜಾಗಿರುತ್ತವೆ, ಕೆಲವು ಇನ್ನೂ ಆಗಿರುವುದಿಲ್ಲ. ಆ ಹೊತ್ತಿನಲ್ಲಿ ಅಕಾಲದ ಬಡಿತವೊಂದು ಬಿದ್ದರೆ ಕೆಳಕೋಣೆ ಬಡಿಯುವುದು ಬಿಟ್ಟು ನಡುಗಲು ಶುರುಮಾಡಬಹುದು. ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಅನ್ನುವುದು ಇದನ್ನೇ. ಕೆಲವೇ ಸೆಕೆಂಡಿಗೆ ಎಚ್ಚರ ಹೋಗುತ್ತದೆ.

ಕ್ಯೂ ಅಲೆಯ ಶುರುವಿನಿಂದ ಟಿ ಮುಗಿಯುವ ತನಕ, ಅಂದರೆ ಕ್ಯೂಟಿಯನ್ನು, ಅಳೆಯುವುದು ಈ ಕಾರಣಕ್ಕೆ. ಪಟ್ಟಿ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಚಿಕ್ಕ ಚೌಕ 40 ಮಿಲಿಸೆಕೆಂಡು. ನಾಡಿಯ ವೇಗಕ್ಕೆ ಸರಿದೂಗಿಸಿದ ಮೇಲೂ 500 ಮಿಲಿಸೆಕೆಂಡು ದಾಟಿತೋ, ಅಂದರೆ ಹನ್ನೆರಡೂವರೆ ಚೌಕ, ತಡಮಾಡದೆ ಡಾಕ್ಟರನ್ನು ಎಬ್ಬಿಸಬೇಕು. ಹುಟ್ಟಿನಿಂದ ಹಾಗಿರಬಹುದು, ಕೆಲವು ಮಾತ್ರೆಗಳಿಂದಲೋ ರಕ್ತದ ಪೊಟ್ಯಾಸಿಯಂ ಇಳಿದೋ ಆಗಿರಬಹುದು. ಇನ್ನು ಟಿ ಅಲೆ ಒಂದು ಬಡಿತಕ್ಕೆ ಕೂದಲೆಳೆಯಷ್ಟು ಎತ್ತರ, ಮರುಬಡಿತಕ್ಕೆ ಗಿಡ್ಡ ಆಗುವುದುಂಟು. ವ್ಯತ್ಯಾಸ ಮೈಕ್ರೋವೋಲ್ಟುಗಳಲ್ಲಿ. ಅಲ್ಲಿ ನಿನ್ನ ಕಂಪ್ಯೂಟರ್ ನನ್ನ ಕಣ್ಣನ್ನು ಸೋಲಿಸುತ್ತದೆ, ಸೋಲಿಸಲಿ.

ಆದರೆ ಸೊಟ್ಟ ಬಡಿತ ಕಂಡಲ್ಲೆಲ್ಲ ಕೆಂಪು ದೀಪ ಹಚ್ಚಬೇಡ. ಅಮೆರಿಕದ ಕ್ಯಾಸ್ಟ್ ಪ್ರಯೋಗದ ಕತೆ ಓದಿಕೋ. ಹೃದಯಾಘಾತವಾದವರ ಹೆಚ್ಚುವರಿ ಬಡಿತಗಳನ್ನು ಎನ್‌ಕೈನೈಡ್, ಫ್ಲೆಕೈನೈಡ್ ಮಾತ್ರೆ ಕೊಟ್ಟು ಅಡಗಿಸಿದರು. ಪಟ್ಟಿ ಚೊಕ್ಕವಾಯಿತು, ಸಾವು ಹೆಚ್ಚಾಯಿತು. 1989ರಲ್ಲಿ ಪ್ರಯೋಗದಲ್ಲಿ ಆ ಮಾತ್ರೆಗಳನ್ನೇ ನಿಲ್ಲಿಸಬೇಕಾಯಿತು.

ಇನ್ನು ನಟ ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಆಘಾತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಅಲ್ಲೇ ಕೊಡುತ್ತಾರೆ. ಒಳ್ಳೆಯ ಕೆಲಸ. ಅದು ಎದೆನೋವೆಂದು ಬಂದವರಿಗೆ. ನೀನು ಹುಡುಕಹೊರಟವರು ನೋವಿಲ್ಲದೆ ಓಡಾಡುತ್ತಿದ್ದಾರೆ, ಆಸ್ಪತ್ರೆಗೆ ಬರುವುದೇ ಇಲ್ಲ.

ಅಂಥವರಲ್ಲಿ ಒಬ್ಬಳು ಹುಡುಗಿ ಒಮ್ಮೆ ಬಂದಳು. ಓಡುವಾಗ ಎರಡು ಸಲ ಎಚ್ಚರತಪ್ಪಿ ಬಿದ್ದಿದ್ದಳು. ಊರವರು ಗಾಳಿ ಸೋಕಿದೆ ಅಂದರು, ಆಮೇಲೆ ಫಿಟ್ಸ್ ಮಾತ್ರೆ ನುಂಗಿಸಿದರು. ನಾನು ಪಟ್ಟಿ ತೆಗೆದು ಮಡಚಿಡುತ್ತಿದ್ದೆ. ನಾಡಿ ಸರಿಯಿತ್ತು, ಬಡಿತ ಸಮನಾಗಿತ್ತು. ಆಗ ಅವಳಮ್ಮ ಯಾರಿಗೋ ಹೇಳುವ ಹಾಗೆ, ನನ್ನ ತಮ್ಮನೂ ಹೀಗೇ, ಚೆನ್ನಾಗಿ ಈಜು ಬರ್ತಿತ್ತು, ಹೊಳೇಲಿ ಹೋದ, ಅಂದಳು. ಮಡಚಿದ್ದನ್ನು ಬಿಚ್ಚಿ ಸ್ಕೇಲ್ ಇಟ್ಟೆ. ಕ್ಯೂಟಿ ಉದ್ದವಿತ್ತು. ಈ ಕಾಯಿಲೆಯ ಒಂದು ಬಗೆ ಓಡುವಾಗ, ಈಜುವಾಗಲೇ ಎರಗುತ್ತದೆ ಅಂತ ಆಮೇಲೆ ಡಾಕ್ಟರು ವಿವರಿಸಿದರು. ಆ ತಾಯಿ ಬಾಯಿ ಬಿಡದಿದ್ದರೆ ನಾನು ಪಟ್ಟಿ ಮಡಚಿ ಮನೆಗೆ ಹೋಗಿರುತ್ತಿದ್ದೆ. ಅದು ನೆನಪಾದರೆ ಈಗಲೂ ಬೆವರುತ್ತೇನೆ.

ಅದಕ್ಕೇ ನಿನ್ನ ಕಡತದಲ್ಲಿ ವಯಸ್ಸಿನ ಪಕ್ಕ ಮೂರು ಕಾಲಂ ಹೆಚ್ಚಿಗೆ ಹಾಕು: ಎಚ್ಚರ ತಪ್ಪಿದ್ದು ಯಾವಾಗ, ಏನು ಮಾಡುತ್ತಿದ್ದಾಗ, ಮನೆಯಲ್ಲಿ ಚಿಕ್ಕ ವಯಸ್ಸಿಗೇ ದಿಢೀರನೆ ಹೋದವರು ಯಾರು. ಫಾರಂ ಕೊಟ್ಟು ತುಂಬಿಸಬೇಡ, ಜಗಲಿ ಮೇಲೆ ಕೂತು ಕೇಳು, ಅಜ್ಜಿಯಂದಿರನ್ನು ಮೊದಲು. ಇನ್ನೊಂದು, ಬಲಗೈ ತಂತಿ ಎಡಗೈಗೆ ಸಿಕ್ಕಿಸಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ನಾನೂ ಹೊಸದರಲ್ಲಿ ಹಾಗೆ ಮಾಡಿ ಬೈಸಿಕೊಂಡಿದ್ದೇನೆ. ಹಬ್ಬಕ್ಕೆ ಬರುವಾಗ ಐವತ್ತು ಪಟ್ಟಿ ತಾ. ಯಂತ್ರದ ಉತ್ತರ ಮುಚ್ಚಿಟ್ಟುಕೋ, ನಾನು ಸ್ಕೇಲ್ ಹಿಡಿದು ಅಳೆಯುತ್ತೇನೆ.